ಚಹಾ ಸಂಶೋಧನಾ ಕೇಂದ್ರದ ವಿನ್ಯಾಸ: ನಕ್ಷೆ ಅಂತಿಮವಾಗುವ ಮೊದಲು ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಮಲೆನಾಡಿನಲ್ಲಿ ಕಾಫಿಯೇ ಪ್ರಧಾನ ಬೆಳೆಯಾದರೂ ಚಿಕ್ಕಮಗಳೂರು, ಕೊಡಗು ಮತ್ತು ಹಾಸನ ಜಿಲ್ಲೆಗಳ ಕೆಲವು ಭಾಗಗಳಲ್ಲಿ ಚಹಾ ತೋಟಗಳೂ ಇವೆ. ಇಂತಹ ಪ್ರದೇಶದಲ್ಲಿ ಚಹಾ ಸಂಶೋಧನಾ ಕೇಂದ್ರವೊಂದರ ಪ್ರಸ್ತಾವನೆ ಬಂದರೆ ಸಭೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ: ‘ಎಷ್ಟು ಜನರಿಗೆ ಕೆಲಸ ಸಿಗುತ್ತದೆ?’ ಈ ಪ್ರಶ್ನೆ ಅಗತ್ಯವಾದುದೇ. ಆದರೆ ಅದೊಂದೇ ಸಾಲದು. ಕೇಂದ್ರವು ಊರಿಗೆ ಉಪಯುಕ್ತವಾಗುವುದೋ ಹೊರೆಯಾಗುವುದೋ ಎಂಬುದು ಬಹುಮಟ್ಟಿಗೆ ನಕ್ಷೆಯ ಹಂತದಲ್ಲಿಯೇ ನಿರ್ಧಾರವಾಗುತ್ತದೆ. ಆ ಹಂತದಲ್ಲಿ ಪರಿಶೀಲಿಸಬೇಕಾದ ಅಂಶಗಳನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಹಿಂದಿನ ಅನುಭವ

ಅಸ್ಸಾಂನ ಜೋರ್ಹಾಟ್‌ನಲ್ಲಿರುವ ಟೋಕ್ಲಾಯ್ ಸಂಶೋಧನಾ ಕೇಂದ್ರ 1911ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರು ತೋಟಗಳ ಮಾಲೀಕರ ಸಂಘದವರು. ಆದುದರಿಂದ ಆರಂಭದಲ್ಲಿ ಅಲ್ಲಿ ಉತ್ತರ ಹುಡುಕಿದ ಪ್ರಶ್ನೆಗಳೂ ದೊಡ್ಡ ತೋಟಗಳ ಪ್ರಶ್ನೆಗಳೇ ಆಗಿದ್ದವು. ಇಂದು ದೇಶದ ಚಹಾ ಉತ್ಪಾದನೆಯಲ್ಲಿ ಸುಮಾರು ಅರ್ಧದಷ್ಟು ಸಣ್ಣ ಬೆಳೆಗಾರರದು. ಪ್ರಶ್ನೆ ಕೇಳಬೇಕಾದವರು ಬದಲಾಗಿದ್ದಾರೆ ಎಂಬುದನ್ನು ಹೊಸ ಕೇಂದ್ರದ ವಿನ್ಯಾಸವು ಗಮನದಲ್ಲಿರಿಸಿಕೊಳ್ಳಬೇಕು.

ನಮ್ಮ ಸಮೀಪದ ನಿದರ್ಶನ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ. 1925ರಲ್ಲಿ ಸ್ಥಾಪಿತವಾದ ಈ ಕೇಂದ್ರದಿಂದ ಬಂದ ಎಸ್.795 ತಳಿಯು ಇಂದಿಗೂ ಸಣ್ಣ ಬೆಳೆಗಾರರ ತೋಟಗಳಲ್ಲಿ ಕಾಣಸಿಗುತ್ತದೆ. ಸಂಶೋಧನೆಯು ಪ್ರಯೋಗಾಲಯದಿಂದ ರೈತನ ಗಿಡದವರೆಗೆ ತಲುಪಿದಾಗ ಮಾತ್ರ ಅದಕ್ಕೆ ಸಾರ್ಥಕತೆ.

2. ನಿವೇಶನ ಮತ್ತು ಇಳಿಜಾರು

ಚಹಾಕ್ಕೆ ಆಮ್ಲೀಯ ಮಣ್ಣು ಬೇಕು, ರಸಸಾರ 4.5ರಿಂದ 5.5ರೊಳಗಿದ್ದರೆ ಉತ್ತಮ. ನೀರು ನಿಲ್ಲದ ಇಳಿಜಾರು ಗಿಡಕ್ಕೆ ಹಿತ. ಆದರೆ ಗಿಡಕ್ಕೆ ಹಿತವಾದ ಇಳಿಜಾರು ಕಟ್ಟಡಕ್ಕೂ ಹಿತವೆಂದು ಭಾವಿಸಬಾರದು. ಗುಡ್ಡ ಕಡಿದು ಸಮತಟ್ಟು ಮಾಡಿದರೆ ಮಣ್ಣು ಸವೆದು ಹಳ್ಳ ಸೇರುತ್ತದೆ. ಕಟ್ಟಡವನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ ಸಮೋನ್ನತ ರೇಖೆಗೆ ಅನುಗುಣವಾಗಿ ನಿರ್ಮಿಸುವುದು ಸೂಕ್ತ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಿಂದೆ ನಾನು ಸೇವೆಯಲ್ಲಿದ್ದ ಪಂಚಾಯಿತಿಯೊಂದರಲ್ಲಿ ಗುಡ್ಡದ ಮೇಲೆ ಕಟ್ಟಡವೊಂದು ನಿರ್ಮಾಣವಾಯಿತು. ಮೊದಲ ಮಳೆಗಾಲದಲ್ಲಿಯೇ ಅದರ ಕೊಳಚೆ ನೀರು ಕೆಳಗಿನ ಕಾಲೋನಿಯ ಬಾವಿಗೆ ಇಳಿಯಿತು. ನಕ್ಷೆಯಲ್ಲಿ ಆ ಬಾವಿಯನ್ನು ಗುರುತಿಸಿಯೇ ಇರಲಿಲ್ಲ. ನಕ್ಷೆಯನ್ನು ಪರಿಶೀಲಿಸಿದವರಲ್ಲಿ ನಾನೂ ಒಬ್ಬ. ಎಂಜಿನಿಯರಿಂಗ್ ಓದಿದ ನನಗೆ ಕಾಣದ ಬಾವಿಯನ್ನು ಅಲ್ಲಿ ದಿನವೂ ನೀರು ಸೇದುವ ಯಾವ ಮಹಿಳೆಯಾದರೂ ತೋರಿಸಿಕೊಡುತ್ತಿದ್ದಳು. ನಾವು ಕೇಳಿರಲಿಲ್ಲ.

3. ನೀರಿನ ಲೆಕ್ಕ

ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಉದಾಹರಣೆಗೆ, 500 ಚದರ ಮೀಟರ್ ಛಾವಣಿ ಮತ್ತು ವಾರ್ಷಿಕ 2,500 ಮಿ.ಮೀ. ಮಳೆ ಇದ್ದು, ಶೇ. 80ರಷ್ಟು ನೀರನ್ನು ಹಿಡಿಯಲು ಸಾಧ್ಯವಾದರೆ ವರ್ಷಕ್ಕೆ 10 ಲಕ್ಷ ಲೀಟರ್ ದೊರೆಯುತ್ತದೆ. ಆದರೆ ಈ ನೀರಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುತ್ತದೆ. ಕೊರತೆ ಇರುವುದು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ. ಆದುದರಿಂದ ‘ಮಳೆನೀರು ಕೊಯ್ಲು ಇದೆಯೇ?’ ಎಂದಷ್ಟೇ ಕೇಳದೆ, ‘ಸಂಗ್ರಹ ತೊಟ್ಟಿಯ ಸಾಮರ್ಥ್ಯ ಎಷ್ಟು? ಬೇಸಿಗೆಯಲ್ಲಿ ಹಳ್ಳದಿಂದ ನೀರೆತ್ತುವಿರಾ?’ ಎಂದು ಕೇಳಬೇಕು. ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯವನ್ನು ಬಚ್ಚಲು ನೀರಿನೊಂದಿಗೆ ಸೇರಿಸದೆ ಪ್ರತ್ಯೇಕವಾಗಿ ಸಂಗ್ರಹಿಸುವ ವ್ಯವಸ್ಥೆಯೂ ನಕ್ಷೆಯಲ್ಲಿಯೇ ಇರಬೇಕು.

4. ಶಾಖದ ಮೂಲ

ಸಂಶೋಧನಾ ಕೇಂದ್ರದಲ್ಲಿ ಎಲೆ ಸಂಸ್ಕರಿಸುವ ಚಿಕ್ಕ ಘಟಕವೂ ಇರುತ್ತದೆ. ಒಂದು ಕಿಲೋ ಚಹಾ ಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ಉಳಿದ ಮೂರೂವರೆ ಕಿಲೋ ಬಹುತೇಕ ನೀರು. ಅದನ್ನು ಗಾಳಿ ಮತ್ತು ಶಾಖದಿಂದ ಹೊರಹಾಕಬೇಕು. ಈ ಶಾಖ ಸೌದೆಯಿಂದ ಬರುವುದಾದರೆ, ಸೌದೆ ಎಲ್ಲಿಂದ ಬರುತ್ತದೆ ಎಂಬುದು ಪಂಚಾಯಿತಿಯ ಪ್ರಶ್ನೆಯಾಗಬೇಕು. ಛಾವಣಿಯ ಸೌರ ಫಲಕಗಳಿಂದ ಗಾಳಿಯನ್ನು ಮೊದಲೇ ಬೆಚ್ಚಗಾಗಿಸಿದರೆ ಸೌದೆಯ ಬಳಕೆ ತಗ್ಗುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಬಿಸಿಲನ್ನೇ ನಂಬುವಂತಿಲ್ಲವಾದುದರಿಂದ ಪರ್ಯಾಯ ವ್ಯವಸ್ಥೆಯನ್ನೂ ಪ್ರಸ್ತಾವನೆಯಲ್ಲಿ ತೋರಿಸಬೇಕು.

5. ಜನರಿಗೆ ಸ್ಥಾನ

‘ಸಮುದಾಯದ ಸಹಭಾಗಿತ್ವ’ ಎಂಬ ಮಾತು ಪ್ರತಿಯೊಂದು ಪ್ರಸ್ತಾವನೆಯಲ್ಲಿಯೂ ಇರುತ್ತದೆ. ಅದು ನಿಜವೋ ಅಲ್ಲವೋ ಎಂಬುದನ್ನು ಮೂರು ಅಂಶಗಳಿಂದ ಅರಿಯಬಹುದು.

ಅ) ಮಣ್ಣು ಮತ್ತು ರೋಗ ಪರೀಕ್ಷೆಯ ಕೊಠಡಿ ರಸ್ತೆಯ ಕಡೆಗಿದ್ದು, ಸಣ್ಣ ಬೆಳೆಗಾರರು ರೋಗ ತಗುಲಿದ ಎಲೆಯನ್ನು ಹಿಡಿದು ನೇರವಾಗಿ ಬರುವಂತಿರಬೇಕು. ವರದಿ ಕನ್ನಡದಲ್ಲಿ ದೊರೆಯಬೇಕು.

ಆ) ಚಹಾ ಸಸಿಗಳನ್ನು ಒಂದೇ ಎಲೆಯುಳ್ಳ ಕಾಂಡದ ತುಂಡಿನಿಂದ ಬೆಳೆಸಬಹುದು. ತರಬೇತಿ ನೀಡಿದರೆ ಮಹಿಳಾ ಸ್ವಸಹಾಯ ಸಂಘಗಳು ಈ ನರ್ಸರಿಯನ್ನು ನಡೆಸಬಲ್ಲವು. ಅದಕ್ಕೆ ಬೇಕಾದ ನೆರಳು ಚಪ್ಪರ ಹಾಗೂ ಸ್ಥಳವನ್ನು ನಕ್ಷೆಯಲ್ಲಿಯೇ ಮೀಸಲಿಡಬೇಕು.

ಇ) ಎಲೆ ಕೀಳುವವರು ದಿನವಿಡೀ ಗಿಡದ ಮುಂದೆಯೇ ಇರುವವರು. ಕೀಟಬಾಧೆಯ ಮೊದಲ ಗುರುತು ಕಾಣುವುದು ಅವರಿಗೇ. ಲೈನ್ ಮನೆಗಳ ಪ್ರತಿನಿಧಿಯೊಬ್ಬರು ಸಲಹಾ ಸಮಿತಿಯಲ್ಲಿ ಇರಬೇಕು.

ಜೈವಿಕ ವೈವಿಧ್ಯ ಅಧಿನಿಯಮ, 2002ರನ್ವಯ ಪಂಚಾಯಿತಿ ಮಟ್ಟದಲ್ಲಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಇಲ್ಲಿ ಕ್ರಿಯಾಶೀಲಗೊಳಿಸಬೇಕು. ನಿವೇಶನದಲ್ಲಿರುವ ಮರ, ಔಷಧಿ ಸಸ್ಯ ಹಾಗೂ ನೀರಿನ ಸೆಲೆಗಳ ವಿವರವನ್ನು ಜನತಾ ಜೀವವೈವಿಧ್ಯ ದಾಖಲಾತಿಯೊಂದಿಗೆ ಹೋಲಿಸಿ ನೋಡಬೇಕು.

6. ಚಟುವಟಿಕೆ

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಸದಸ್ಯರು ತಮ್ಮ ತಮ್ಮ ವಾರ್ಡಿನಲ್ಲಿ ನಡೆದಾಡಿ, ಸ್ಥಳೀಯರೊಂದಿಗೆ ಬಾವಿ, ಹಳ್ಳ, ಕಾಲುದಾರಿ ಮತ್ತು ಮಳೆನೀರು ಹರಿಯುವ ದಿಕ್ಕನ್ನು ಗ್ರಾಮ ನಕ್ಷೆಯ ಪ್ರತಿಯ ಮೇಲೆ ಗುರುತಿಸತಕ್ಕದ್ದು. ನಂತರ ಈ ಪ್ರಶ್ನೆಗಳನ್ನು ಚರ್ಚಿಸಿರಿ:

• ನಮ್ಮ ವಾರ್ಡಿನಲ್ಲಿ ಬೇಸಿಗೆಯಲ್ಲಿಯೂ ಬತ್ತದ ನೀರಿನ ಮೂಲಗಳು ಯಾವುವು? ಅವುಗಳ ಮೇಲ್ಭಾಗದಲ್ಲಿ ಏನಿದೆ?
• ಸಂಶೋಧಕರು ಬಂದರೆ ನಮ್ಮ ಬೆಳೆಗಾರರು ಕೇಳಬಯಸುವ ಮೊದಲ ಮೂರು ಪ್ರಶ್ನೆಗಳು ಯಾವುವು?
• ಯಾವ ಷರತ್ತುಗಳನ್ನು ನಿರ್ಣಯದಲ್ಲಿ ಲಿಖಿತವಾಗಿ ದಾಖಲಿಸಬೇಕು?

ಹೀಗೆ ಸಿದ್ಧವಾದ ನಕ್ಷೆ ಚಹಾ ಕೇಂದ್ರಕ್ಕೆ ಮಾತ್ರವಲ್ಲ, ಶಾಲೆ, ಗೋದಾಮು, ಆಸ್ಪತ್ರೆ ಮುಂತಾದ ಯಾವುದೇ ಕಟ್ಟಡದ ಪ್ರಸ್ತಾವನೆಗೂ ಉಪಯೋಗಕ್ಕೆ ಬರುತ್ತದೆ. ಅಡಿಪಾಯ ಹಾಕಿದ ಮೇಲೆ ಮಾಡುವ ಆಕ್ಷೇಪಣೆ ಕಡತದಲ್ಲಿ ಉಳಿಯುತ್ತದೆ. ಅದಕ್ಕೆ ಮೊದಲು ಗುರುತಿಸಿದ ಒಂದು ಬಾವಿ ಊರಿನ ನೀರನ್ನು ಉಳಿಸುತ್ತದೆ.