ಹೊಳೆಬದಿಯ ಖಾಲಿ ಜಾಗ: ಮಣ್ಣು ಪರೀಕ್ಷೆ ಕಲಿಸಿದ್ದು

ಮಂಗಳೂರಿನ ಹಳೇ ಬಂದರಿನ ಆಸುಪಾಸಿನಲ್ಲಿ, ಫಲ್ಗುಣಿಯ ದಂಡೆಯಲ್ಲಿ, ಹೆಂಚಿನ ಕಾರ್ಖಾನೆ, ಗೋದಾಮುಗಳೆಲ್ಲ ಮುಚ್ಚಿ ಖಾಲಿ ಬಿದ್ದ ಜಾಗಗಳಿವೆ. ಕಟ್ಟಡ ಎಬ್ಬಿಸುವವರ ಕಣ್ಣಿಗೆ ಅವು ಸಮತಟ್ಟಾದ, ಕೆಲಸಕ್ಕೆ ಸಲೀಸಾದ ನೆಲ. ಅಂಥಲ್ಲಿ ಬೋರ್ ಹಾಕಿ ಮಣ್ಣು ಪರೀಕ್ಷಿಸುವುದು ನನ್ನ ಕಸುಬು.

1. ರಿಗ್ ಇಳಿಸುವ ಮೊದಲು ದಕ್ಕೆಯ ಹಿರಿಯರನ್ನು ಮಾತಾಡಿಸಿ. "ಇಲ್ಲಿ ತನಕ ಮಂಜಿ (ಸರಕು ದೋಣಿ) ಬರ್ತಿತ್ತು ಮಾರಾಯ್ರೆ" ಎಂದು ಒಬ್ಬರು ಕೈ ತೋರಿಸಿದರೆ, ಆ ಗೆರೆಯಿಂದಾಚೆ ಇರುವುದು ತುಂಬಿಸಿದ ನೆಲ ಎಂದು ತಿಳಿಯಿರಿ. ಹಳೆಯ ಸರ್ವೆ ನಕ್ಷೆ ಸಿಕ್ಕರೆ ಅದರ ಜೊತೆ ತಾಳೆ ನೋಡಿ.

2. ಮೇಲಿನ ಗಟ್ಟಿತನಕ್ಕೆ ಮರುಳಾಗಬೇಡಿ. 63.5 ಕಿಲೋ ಸುತ್ತಿಗೆ 75 ಸೆಂಟಿಮೀಟರ್ ಎತ್ತರದಿಂದ ಬೀಳುವಾಗ, ಮಾದರಿ ತೆಗೆಯುವ ಸೀಳುಕೊಳವೆ ಕೊನೆಯ 30 ಸೆಂಟಿಮೀಟರ್ ಇಳಿಯಲು ಬೇಕಾದ ಪೆಟ್ಟುಗಳ ಲೆಕ್ಕವೇ ಎನ್ ಸಂಖ್ಯೆ. ಬಾಸೆಲ್ ಮಿಷನ್ 1865ರಲ್ಲಿ ಶುರುಮಾಡಿದ ಹೆಂಚಿನ ಉದ್ಯಮ ಈ ಊರಿಗೆ ಹೆಸರು ತಂದಿತು. ದಂಡೆಯಲ್ಲಿ ಒಡೆದ ಹೆಂಚಿನ ರಾಶಿಯನ್ನೂ ಬಿಟ್ಟುಹೋಯಿತು. ಆ ಚೂರುಗಳಿಗೆ ಕೊಳವೆ ತಾಗಿದರೆ ಎನ್ ಸಂಖ್ಯೆ ಸುಮ್ಮನೆ ಏರುತ್ತದೆ. ಭಾರ ಹೊರುವ ಶಕ್ತಿಯೆಂದು ಅದನ್ನು ವರದಿಯಲ್ಲಿ ಬರೆದರೆ ಅನಾಹುತ.

3. ಅಪಾಯವೆಲ್ಲ ಆ ಹೆಂಚಿನ ರಾಶಿಯ ಕೆಳಗಿನ ಕಪ್ಪು ಕೆಸರಿನಲ್ಲಿದೆ. ಸೀಳುಕೊಳವೆ ಬಿಚ್ಚಿದೊಡನೆ ಕೊಳೆತ ಮೊಟ್ಟೆಯ ವಾಸನೆ. ಬೂದುಗಪ್ಪು ಆವೆಮಣ್ಣು, ನಡುನಡುವೆ ಮರುವಾಯಿ ಚಿಪ್ಪು. ಬೆರಳಿಟ್ಟರೆ ಒಳಗಿಳಿಯುತ್ತದೆ. ಕೆಲವೆಡೆ ಸುತ್ತಿಗೆ ಎತ್ತುವುದೇ ಬೇಡ, ಅದರ ತೂಕಕ್ಕೇ ಸಲಾಕೆ ಜಾರುತ್ತದೆ. ಬೆಂಗ್ರೆಯ ಮರಳದಿಣ್ಣೆ ಕಡಲಿಗೆ ಅಡ್ಡಲಾಗಿರುವುದರಿಂದ ಫಲ್ಗುಣಿ ನೇರ ಕಡಲು ಸೇರುವುದಿಲ್ಲ. ತೆಂಕಕ್ಕೆ ಹರಿದು, ನೇತ್ರಾವತಿಯ ಜೊತೆ ಅಳಿವೆ ಬಾಗಿಲಲ್ಲಿ ಕೂಡುತ್ತದೆ. ದಿಣ್ಣೆಯ ಮರೆಯಲ್ಲಿ ನೀರು ನಿಧಾನವಾದಲ್ಲೆಲ್ಲ ಇಂಥ ಹೂಳು ಕೂತಿದೆ. ಇದರ ಮೇಲೆ ಹೊಸದಾಗಿ ಕೆಂಪು ಮಣ್ಣು ತುಂಬಿಸಿದರೆ ಕೆಸರಿನ ನೀರು ಮೆಲ್ಲಗೆ ಹಿಂಡಿಹೋಗುತ್ತ ನೆಲ ವರ್ಷಗಟ್ಟಲೆ ಕುಗ್ಗುತ್ತದೆ. ಪೈಲ್ ಹಾಕಿದ್ದೇವಲ್ಲ ಎಂದು ನಿಶ್ಚಿಂತರಾಗುವವರಿದ್ದಾರೆ. ಆದರೆ ಕುಗ್ಗುವ ಮಣ್ಣು ಪೈಲಿನ ಮೈಗೆ ಅಂಟಿ ಅದನ್ನೂ ಕೆಳಕ್ಕೆ ಜಗ್ಗುತ್ತದೆ. ಆಧಾರವಾಗಬೇಕಾದ ಮಣ್ಣೇ ಹೊರೆಯಾಗುತ್ತದೆ. ಈ ಹೊರೆಯನ್ನು ಲೆಕ್ಕಕ್ಕೆ ಸೇರಿಸದ ವಿನ್ಯಾಸಕ್ಕೆ ನಾನು ಒಪ್ಪುವುದಿಲ್ಲ.

4. ಕೆಸರಿನಡಿಯ ಮರಳು ಸಡಿಲವಾಗಿದೆಯೇ ನೋಡಿ. ಮಂಗಳೂರು ಭೂಕಂಪದ 3ನೇ ವಲಯದಲ್ಲಿ ಗುರುತಾದ ಊರು. ನೀರು ತುಂಬಿದ ಸಡಿಲ ಮರಳು ಕಂಪನಕ್ಕೆ ದ್ರವದಂತಾಗಬಹುದು.

5. ಜಾಗ ಹೊಳೆಬದಿಯದಾದರೂ ಗುಡ್ಡದ ಕಡೆ ತಿರುಗಿ ನೋಡಿ. ಬಾವುಟಗುಡ್ಡೆಯಂಥ ಎತ್ತರಗಳಲ್ಲಿ ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು, ಆಳದಲ್ಲಿ ನೈಸ್ ಶಿಲೆ. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯ ಮೇಲೆ ಹರಿದು ಕೆಳಗಿನ ಜಾಗಕ್ಕೆ ಬರುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಬೇಸಿಗೆಯಲ್ಲಿ ಕಡಿದಾಗಿ ಅಗೆದು, ತಡೆಗೋಡೆ ಕಟ್ಟದೆ ಬಿಟ್ಟ ನೆಲಮಾಳಿಗೆಯ ಹೊಂಡ ಜೂನ್ ದಾಟುವುದು ಕಷ್ಟ.

6. ಕಲ್ಲು ಸಿಕ್ಕಿತೆಂದು ಕೂಡಲೇ ನಿಲ್ಲಿಸಬೇಡಿ. ಶಿಥಿಲವಾದ ನೈಸಿನೊಳಗೆ ಬಿಡಿ ಗುಂಡುಗಳು ಗಟ್ಟಿಯಾಗಿಯೇ ಉಳಿದಿರುತ್ತವೆ. ಕನಿಷ್ಠ 3 ಮೀಟರ್ ಕೊರೆದು, ಪೆಟ್ಟಿಗೆಯಲ್ಲಿ ಜೋಡಿಸಿದ ಕಲ್ಲಿನ ತುಂಡುಗಳನ್ನು ನೋಡಿಯೇ ಬಂಡೆ ಎಂದು ಬರೆಯುವುದು ನನ್ನ ಪದ್ಧತಿ.

7. ನೀರನ್ನು ಎರಡು ಸಲ ಅಳೆಯಿರಿ: ಮೇ ತಿಂಗಳಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ, ಎರಡೂ ಸಲ ಭರತಕ್ಕೂ ಇಳಿತಕ್ಕೂ. ಮೇನಲ್ಲಿ ಉಪ್ಪುನೀರು ಹೊಳೆಯ ಮೇಲಕ್ಕೆ ಬಹುದೂರ ಏರುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿದೀತೆಂದು ಆ ನೀರು ಹೇಳುತ್ತದೆ. ಕರಾವಳಿ ನಿಯಂತ್ರಣ ವಲಯದ ನಿಯಮವೂ ನೋಡುವುದು ಆ ಉಪ್ಪನ್ನೇ. ವರ್ಷದ ಅತಿ ಒಣ ಕಾಲದಲ್ಲಿ ಸಾವಿರಕ್ಕೆ 5 ಭಾಗ ಉಪ್ಪು ಇರುವ ತನಕ ಹೊಳೆಗೆ ಕಡಲಿನ ಪ್ರಭಾವವಿದೆ ಎಂದೇ ಲೆಕ್ಕ. ಅಕ್ಟೋಬರಿನ ಸಿಹಿನೀರಿನ ಮಾದರಿ ತೋರಿಸಿ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.