ಕ್ಯಾನ್ಸರ್ ವಾರ್ಡಿಗೆ ಹೊಸಬರೇ? ಏಳು ಸೂತ್ರಗಳು

ಕ್ಯಾನ್ಸರ್ ಯಾವುದು, ಎಷ್ಟನೇ ಹಂತ ಎಂದು ಹೇಳುವುದು ಡಾಕ್ಟರ ಕೆಲಸ. ಅದರಿಂದ ರೋಗಿಗೆ ಇವತ್ತು ಏನು ಕಷ್ಟ ಎಂದು ಗುರುತಿಸುವುದು ಸಿಸ್ಟರ್, ಬ್ರದರ್‌ಗಳ ಕೆಲಸ. ನರ್ಸಿಂಗ್ ಡಯಾಗ್ನೋಸಿಸ್ ಅಂದರೆ ಇದೇ. ಈ ವಾರ್ಡಿನಲ್ಲಿ ಪದೇ ಪದೇ ಎದುರಾಗುವವು ಕೆಲವೇ. ಅವು ಕೈಗೆ ಹತ್ತಿದರೆ ಅರ್ಧ ಗೆದ್ದಂತೆ.

1. ಕಷ್ಟ, ಕಾರಣ, ಕುರುಹು ಮೂರನ್ನೂ ಬರೆಯಿರಿ. "ಊಟ ಸೇರುತ್ತಿಲ್ಲ" ಎಂದಷ್ಟೇ ಬರೆದರೆ ಮುಂದಿನ ಶಿಫ್ಟಿನವರಿಗೆ ಏನೂ ತಿಳಿಯದು. "ಪೋಷಣೆಯ ಕೊರತೆ, ಕೀಮೋದಿಂದ ಬಾಯಿಹುಣ್ಣು, ಎರಡು ದಿನದಿಂದ ಬರೀ ಗಂಜಿ, ತೂಕ 2 ಕೆ.ಜಿ. ಇಳಿಕೆ" ಎಂದು ಬರೆದರೆ ಆರೈಕೆ ಬಾಯಿಂದಲೇ ಶುರುವಾಗಬೇಕೆಂದು ಗೊತ್ತಾಗುತ್ತದೆ.

2. ನೋವಿಗೆ ಅಂಕ ಕೇಳಿ. ಸೊನ್ನೆಯಿಂದ ಹತ್ತರೊಳಗೆ ಎಷ್ಟು? "ಪರವಾಗಿಲ್ಲ ಸಿಸ್ಟರ್" ಎನ್ನುವವರ ಕೈ ಮಂಚದ ಕಂಬಿಯನ್ನು ಬಿಗಿಹಿಡಿದಿದೆಯೇ ನೋಡಿ. ಮಾರ್ಫಿನ್ ಮಾತ್ರೆ ಕೊಟ್ಟ ಒಂದು ಗಂಟೆಗೆ ಮತ್ತೆ ಕೇಳಿ. ಮಾರ್ಫಿನ್ ಮಲ ಕಟ್ಟಿಸುತ್ತದೆ. ಜೊತೆಗೆ ಮಲ ಸಡಿಲಿಸುವ ಔಷಧ ಬರೆದಿಲ್ಲದಿದ್ದರೆ ಡಾಕ್ಟರಿಗೆ ನೆನಪಿಸಿ.

3. ಜ್ವರ ಬಂದರೆ ಗಡಿಯಾರ ನೋಡಿ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನಗಳಲ್ಲಿ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್ ಕಂಡರೂ, 100.4 ಒಂದು ಗಂಟೆ ನಿಂತರೂ ತುರ್ತು ಸ್ಥಿತಿಯೇ. ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು. ಕೀವು ಕಾಣಲಿ ಎಂದು ಕಾಯಬೇಡಿ. ಬಿಳಿ ಕಣಗಳಿಲ್ಲದ ಮೈಯಲ್ಲಿ ಕೀವೇ ಆಗದಿರಬಹುದು.

4. ಪ್ಲೇಟ್‌ಲೆಟ್ ಕುಸಿದಿದ್ದರೆ ಸ್ನಾಯುವಿಗೆ ಇಂಜೆಕ್ಷನ್ ಬೇಡ, ಗಟ್ಟಿ ಬ್ರಷ್ ಬೇಡ. ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಕಪ್ಪು ಮಲ ಕಂಡರೆ ಕೂಡಲೇ ತಿಳಿಸಿ.

5. ದಿನಾ ಟಾರ್ಚ್ ಹಾಕಿ ಬಾಯಿ ನೋಡಿ. ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್, ಖಾರದ ಸಾರು ದೂರವಿರಲಿ.

6. ಸುಸ್ತನ್ನು ಸೋಮಾರಿತನ ಎನ್ನಬೇಡಿ. ಈ ಸುಸ್ತು ನಿದ್ದೆ ಮಾಡಿದರೂ ಹೋಗದು. ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಸ್ನಾನ, ಡ್ರೆಸ್ಸಿಂಗ್, ಸ್ಕ್ಯಾನ್ ಎಲ್ಲವನ್ನೂ ಒಂದೇ ಬೆಳಿಗ್ಗೆ ಹೇರಬೇಡಿ. ಆಗುವಷ್ಟು ನಡೆಸಿ, ಬೀಳದಂತೆ ಜೊತೆಗಿರಿ.

7. ಭಯವನ್ನೂ ಬರೆದಿಡಿ. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ" ಎಂದು ಮನೆಯವರು ಕೈಮುಗಿಯುತ್ತಾರೆ. ನೀವಾಗಿ ಬಾಯಿಬಿಡಬೇಡಿ, ಸುಳ್ಳೂ ಹೇಳಬೇಡಿ. "ನಿಮಗೆ ಏನು ತಿಳ್ಕೋಬೇಕು ಅನ್ನಿಸ್ತಿದೆ?" ಎಂದು ರೋಗಿಯನ್ನೇ ಕೇಳಿ, ಉತ್ತರವನ್ನು ಡಾಕ್ಟರಿಗೆ ಮುಟ್ಟಿಸಿ.

ಹತ್ತು ಡಯಾಗ್ನೋಸಿಸ್ ಬರೆದು ಒಂದನ್ನೂ ತಿರುಗಿ ನೋಡದಿರುವುದಕ್ಕಿಂತ, ಮೂರು ಬರೆದು ಪ್ರತಿ ಶಿಫ್ಟಿನಲ್ಲೂ ನೋಡುವುದು ಮೇಲು. ಜೀವಕ್ಕೆ ಅಪಾಯ ತರುವುದು ಮೊದಲು, ನೋವು ಅದರ ಬೆನ್ನಿಗೆ, ಉಳಿದದ್ದು ಆಮೇಲೆ.