ಅಂಗನವಾಡಿಯಲ್ಲಿ ಮಾಡಿ ಕಲಿಯುವ ವಿಜ್ಞಾನ: ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

1. ಪೀಠಿಕೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಯೋಜನೆಯ ಆರು ಸೇವೆಗಳಲ್ಲಿ ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳಂತೆಯೇ ಶಾಲಾಪೂರ್ವ ಶಿಕ್ಷಣವೂ ಒಂದು. ಆದರೆ ಪಂಚಾಯತಿ ಸಭೆಯಲ್ಲಿ ಅಂಗನವಾಡಿಯ ವಿಷಯ ಬಂದಾಗ ಸಾಮಾನ್ಯವಾಗಿ ಚರ್ಚೆಯಾಗುವುದು ಚಾವಣಿ, ಶೌಚಾಲಯ, ಮೊಟ್ಟೆ ಮತ್ತು ಗೋಡೆಯ ಬಣ್ಣ. ಮಗು ಅಲ್ಲಿ ಏನನ್ನು ಕಲಿಯುತ್ತಿದೆ ಎಂಬ ಪ್ರಶ್ನೆ ವಿರಳವಾಗಿ ಕೇಳಿಬರುತ್ತದೆ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಶಿಕ್ಷಣವೂ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಸೇರಿವೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿದೆ. ಈ ಹಂತಕ್ಕಾಗಿ 2022ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ಮುಖ್ಯ ಮಾರ್ಗವೆಂದು ಹೇಳಿದೆ. ಆದ್ದರಿಂದ ಅಂಗನವಾಡಿಯ ಕಲಿಕೆಯು ಪಂಚಾಯತಿಯ ಹೊಣೆಗೆ ಹೊರತಾದ ವಿಷಯವಲ್ಲ.

2. ಅಕ್ಷರಕ್ಕೆ ಮುನ್ನ ಕೈ

ನಾಲ್ಕು ವರ್ಷದ ಮಗು ‘ಅ ಆ ಇ ಈ’ ಬರೆಯುತ್ತಿಲ್ಲವೆಂದು ಪೋಷಕರು ಚಿಂತಿಸುತ್ತಾರೆ. ಖಾಸಗಿ ಶಾಲೆಯ ಎಲ್‌ಕೆಜಿ ಮಗುವಿನ ಪುಸ್ತಕವನ್ನು ಹೋಲಿಕೆಗೆ ತೋರಿಸುತ್ತಾರೆ. ಸದಸ್ಯರೂ ಭೇಟಿಯ ವೇಳೆ ಸ್ಲೇಟನ್ನೇ ಕೇಳಿದರೆ ಕಾರ್ಯಕರ್ತೆಯು ಆಟವನ್ನು ನಿಲ್ಲಿಸಿ ಮಕ್ಕಳಿಂದ ಅಕ್ಷರ ತಿದ್ದಿಸತೊಡಗುತ್ತಾರೆ.

ಆ ವಯಸ್ಸಿನಲ್ಲಿ ಬೆರಳುಗಳ ಹಿಡಿತ ಇನ್ನೂ ಬಲಿತಿರುವುದಿಲ್ಲ. ಮಣ್ಣು ನಾದುವುದು, ಕಾಳು ಆರಿಸುವುದು, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ಇವೇ ಮುಂದೆ ಪೆನ್ಸಿಲ್ ಹಿಡಿಯುವ ಬೆರಳನ್ನು ಸಿದ್ಧಗೊಳಿಸುತ್ತವೆ. ಯೋಚನೆಯ ವಿಷಯವೂ ಇಷ್ಟೇ. ಒಂದೇ ಅಳತೆಯ ನೀರನ್ನು ಅಗಲವಾದ ಬಟ್ಟಲಿನಿಂದ ಎತ್ತರದ ಲೋಟಕ್ಕೆ ಸುರಿದಾಗ ಈ ವಯಸ್ಸಿನ ಬಹುಪಾಲು ಮಕ್ಕಳು ಲೋಟದಲ್ಲಿಯೇ ನೀರು ಹೆಚ್ಚಿದೆ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ವಿದ್ವಾಂಸ ಜೀನ್ ಪಿಯಾಜೆ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ‘ತಪ್ಪು’ ಎಂದು ಹೇಳಿದ ಮಾತ್ರಕ್ಕೆ ಮಗುವಿನ ಅಭಿಪ್ರಾಯ ಬದಲಾಗದು. ಹಲವು ಬಾರಿ ತಾನೇ ಸುರಿದು, ಅಳೆದು ನೋಡಿದ ಅನುಭವ ಅದಕ್ಕೆ ಬೇಕು.

3. ನಾಲ್ಕು ಚಟುವಟಿಕೆಗಳು

ಕೆಳಗಿನ ಚಟುವಟಿಕೆಗಳಿಗೆ ಕೊಳ್ಳುವ ಸಾಮಗ್ರಿ ಬಹುತೇಕ ಬೇಕಿಲ್ಲ. ಪ್ರತಿಯೊಂದರಲ್ಲಿಯೂ ಕ್ರಮ ಒಂದೇ: ಮೊದಲು ಮಗು ಊಹಿಸಬೇಕು, ನಂತರ ಮಾಡಿ ನೋಡಬೇಕು, ಕೊನೆಗೆ ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಊಹೆಯ ಹಂತವನ್ನು ಬಿಟ್ಟರೆ ಅದು ಬರಿಯ ಪ್ರದರ್ಶನವಾಗುತ್ತದೆ.

(ಅ) ಮುಳುಗುವುದು, ತೇಲುವುದು: ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಕಲ್ಲು, ಬೇವಿನ ಕಡ್ಡಿ, ಎಲೆ, ಚಮಚ ಇವುಗಳನ್ನು ಒಂದೊಂದಾಗಿ ಹಾಕಿಸಬೇಕು. ನಂತರ ಕೆರೆಯ ಜೇಡಿಮಣ್ಣಿನ ಒಂದು ಉಂಡೆ ಕೊಡಬೇಕು. ಉಂಡೆ ಮುಳುಗುತ್ತದೆ. ಅದೇ ಮಣ್ಣನ್ನು ಬಿರುಕಿಲ್ಲದಂತೆ ತೆಳುವಾದ ಬಟ್ಟಲಾಗಿ ಮಾಡಿ ಮೆಲ್ಲನೆ ಇಟ್ಟರೆ ತೇಲುತ್ತದೆ. ಬಟ್ಟಲಿನ ಆಕಾರವು ತನ್ನ ತೂಕಕ್ಕೆ ಸಾಕಾಗುವಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೇ ಇದಕ್ಕೆ ಕಾರಣ. ಕಬ್ಬಿಣದ ಹಡಗು ತೇಲುವುದೂ ಹೀಗೆಯೇ. ಈ ವಿವರಣೆಯನ್ನು ಮಕ್ಕಳಿಗೆ ಹೇಳಬೇಕಾಗಿಲ್ಲ. ‘ಭಾರವಾದದ್ದು ಮುಳುಗುತ್ತದೆ’ ಎಂದಿದ್ದ ಮಗು ಬಟ್ಟಲನ್ನು ನೋಡಿ ಸುಮ್ಮನಾಗಿ ಮತ್ತೆ ಮಣ್ಣಿಗೆ ಕೈ ಹಾಕಿದರೆ ಪಾಠ ಆದಂತೆಯೇ.

(ಆ) ಮೊಳಕೆ: ಮೂರು ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ ಹೆಸರುಕಾಳು ಹಾಕಬೇಕು. ಒಂದಕ್ಕೆ ನೀರು ಮತ್ತು ಬೆಳಕು; ಎರಡನೆಯದಕ್ಕೆ ಬೆಳಕು ಮಾತ್ರ; ಮೂರನೆಯದಕ್ಕೆ ನೀರು ಹಾಕಿ ರಟ್ಟಿನ ಡಬ್ಬಿಯಿಂದ ಮುಚ್ಚಬೇಕು. ಒಣಗಿದ ಚಿಪ್ಪಿನಲ್ಲಿ ಏನೂ ಹುಟ್ಟುವುದಿಲ್ಲ. ಕತ್ತಲೆಯ ಚಿಪ್ಪಿನಲ್ಲಿ ಸಸಿ ಹುಟ್ಟುವುದಲ್ಲದೆ ಬೆಳಕಿನದಕ್ಕಿಂತ ಉದ್ದವಾಗಿಯೂ, ಬಿಳಿಚಿಕೊಂಡೂ ಬೆಳೆಯುತ್ತದೆ. ಮಕ್ಕಳು ಪ್ರತಿದಿನ ದಾರದಿಂದ ಎತ್ತರ ಅಳೆದು, ದಾರದ ತುಂಡುಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದರೆ ಅದೇ ಅವರ ಮೊದಲ ದಾಖಲೆ.

(ಇ) ನೆರಳು: ಅಂಗಳದಲ್ಲಿ ಒಂದು ಕೋಲು ನೆಟ್ಟು, ಬೆಳಿಗ್ಗೆ, ನಡುಹಗಲು ಮತ್ತು ಮನೆಗೆ ಹೊರಡುವ ಮುನ್ನ ನೆರಳಿನ ತುದಿಗೆ ಕಲ್ಲು ಇಡಿಸಬೇಕು. ನೆರಳು ಕುಗ್ಗಿ, ದಿಕ್ಕು ಬದಲಿಸಿ, ಮತ್ತೆ ಬೆಳೆಯುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಕರ್ನಾಟಕದಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ನೇರಕ್ಕೆ ಬರುವುದರಿಂದ ನೆಟ್ಟನೆಯ ಕೋಲಿಗೆ ನಡುಹಗಲಿನಲ್ಲಿ ನೆರಳೇ ಕಾಣದು. ಬೆಂಗಳೂರಿನಲ್ಲಿ ಈ ಶೂನ್ಯ ನೆರಳಿನ ದಿನ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಬೇರೆ ಊರುಗಳಲ್ಲಿ ದಿನಾಂಕ ಸ್ವಲ್ಪ ಹಿಂದುಮುಂದಾಗುತ್ತದೆ. ಮಕ್ಕಳು ನೆರಳನ್ನು ನೋಡಬೇಕೇ ಹೊರತು ಸೂರ್ಯನನ್ನು ನೇರವಾಗಿ ನೋಡಕೂಡದು.

(ಈ) ಅಳತೆ: ಸೇರು, ಪಾವು ಈಗಲೂ ಹಲವು ಮನೆಗಳಲ್ಲಿವೆ. ಸೇರು ತುಂಬಲು ಎಷ್ಟು ಪಾವು ರಾಗಿ ಬೇಕೆಂದು ಮಕ್ಕಳು ಮೊದಲು ಊಹಿಸಿ, ನಂತರ ಸುರಿದು ಎಣಿಸಲಿ. ಇದಕ್ಕೆ ಊರಿನ ಅಜ್ಜಿಯೊಬ್ಬರನ್ನು ಕರೆಸಿದರೆ ಅಳತೆಯ ಜೊತೆಗೆ ಮಾತೂ, ಕಥೆಯೂ ಬರುತ್ತವೆ.

4. ಸುರಕ್ಷತೆ

ಈ ಭಾಗವನ್ನು ಸದಸ್ಯರು ವಿಶೇಷವಾಗಿ ಗಮನಿಸತಕ್ಕದ್ದು. ಸ್ಥಳೀಯ ವಸ್ತುಗಳೆಲ್ಲವೂ ನಿರಪಾಯಕಾರಿಯಲ್ಲ.

- ಎಣಿಕೆಗೆ ಗುಲಗಂಜಿ ಬಳಸುವ ರೂಢಿ ಕೆಲವೆಡೆ ಇದೆ. ಅದರ ಬೀಜವನ್ನು ಅಗಿದು ನುಂಗಿದರೆ ಪ್ರಾಣಾಪಾಯ. ಹರಳು, ಉಮ್ಮತ್ತಿ, ಕಣಗಿಲೆಗಳ ಬೀಜಗಳೂ ವಿಷಕಾರಿ. ಇವು ಅಂಗನವಾಡಿಯ ಒಳಗೂ, ಅಂಗಳದಲ್ಲಿಯೂ ಇರಕೂಡದು. ಎಣಿಕೆಗೆ ಹುಣಸೆಬೀಜದಂತಹವನ್ನು ಕಾರ್ಯಕರ್ತೆಯ ಕಣ್ಣೆದುರಿನಲ್ಲಿಯೇ ಬಳಸಬೇಕು.
- ಮೊಳಕೆಗೆ ಅಡುಗೆಮನೆಯ ಕಾಳನ್ನೇ ಬಳಸಬೇಕು. ಬಣ್ಣ ಲೇಪಿಸಿದ ಬಿತ್ತನೆ ಬೀಜಕ್ಕೆ ಔಷಧೋಪಚಾರ ಆಗಿರುತ್ತದೆ.
- ಕೀಟನಾಶಕದ ಖಾಲಿ ಬಾಟಲಿ, ಡಬ್ಬಿಗಳನ್ನು ಎಷ್ಟು ತೊಳೆದರೂ ಆಟಕ್ಕೆ ಕೊಡಬಾರದು.
- ಬಕೆಟ್ಟಿನ ತಳದಲ್ಲಿರುವ ಸ್ವಲ್ಪ ನೀರಿನಲ್ಲಿಯೂ ಪುಟ್ಟ ಮಗು ಮುಳುಗಬಹುದು. ನೀರಿನ ಆಟ ಮುಗಿದೊಡನೆ ಪಾತ್ರೆ ಬರಿದು ಮಾಡಬೇಕು. ಸಂಪಿನ ಮುಚ್ಚಳ ಸದಾ ಭದ್ರವಾಗಿರಬೇಕು.
- ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಗುಂಡಿ, ಸಣ್ಣ ಅಯಸ್ಕಾಂತ ಸಿಗಬಾರದು.

5. ಪಂಚಾಯತಿ ಮಾಡಬಹುದಾದುದು

ಮಾಡಿ ಕಲಿಯುವುದಕ್ಕೆ ಬೇಕಾದ ಮುಖ್ಯ ಅನುಕೂಲಗಳು ನೀರು, ನೆರಳು, ಬೇಲಿಯುಳ್ಳ ಅಂಗಳ ಮತ್ತು ಕಾರ್ಯಕರ್ತೆಯ ಬಿಡುವು. ಮೊದಲ ಮೂರು ನೇರವಾಗಿ ಪಂಚಾಯತಿಯ ಕೈಯಲ್ಲಿವೆ. ಮಕ್ಕಳ ಎತ್ತರಕ್ಕೆ ಒಂದು ನಲ್ಲಿ, ಒಂದು ಗಾಡಿ ಶುದ್ಧ ಮರಳು, ಅಂಗಳಕ್ಕೆ ಬೇಲಿ, ಸಾಮಗ್ರಿ ಇಡಲು ತಗ್ಗಿನ ಕಪಾಟು, ಇವನ್ನು ಕ್ರಿಯಾ ಯೋಜನೆಯಲ್ಲಿ ನಿಯಮಾನುಸಾರ ಸೇರಿಸಬಹುದು. ಗೋಡೆಯ ಮೇಲೆ ಚಿತ್ರಿಸಿದ ಹಣ್ಣನ್ನು ಮಗು ಮುಟ್ಟಲಾರದು, ಮೂಸಲಾರದು. ಅನುದಾನ ಮಿತವಾಗಿದ್ದಲ್ಲಿ ಗೋಡೆ ಚಿತ್ರಕ್ಕಿಂತ ನಲ್ಲಿಗೆ ಆದ್ಯತೆ ನೀಡುವುದು ಯುಕ್ತ.

ನಾಲ್ಕನೆಯದಾದ ಬಿಡುವು ಕಾರ್ಯಕರ್ತೆಗೆ ಸಿಗುವುದೇ ಕಷ್ಟ. ಆಹಾರ ವಿತರಣೆ, ದಾಖಲೆ, ಮನೆ ಭೇಟಿಗಳ ನಡುವೆ ಆಕೆ ಕಲಿಕೆಗೆ ಸಮಯ ಹೊಂದಿಸಬೇಕು. ಚಟುವಟಿಕೆಯ ವೇಳೆಯಲ್ಲಿ ಆಕೆಯನ್ನು ಸಭೆಗಳಿಗೆ ಕರೆಯದಿರುವುದು ವೆಚ್ಚವಿಲ್ಲದ ನೆರವು. ಬಾಲವಿಕಾಸ ಸಮಿತಿಯ ಮೂಲಕ ತಾಯಂದಿರು ವಾರಕ್ಕೊಬ್ಬರಂತೆ ನೀರಿನ ಆಟದ ದಿನ ಜೊತೆಗಿದ್ದರೆ ಮಕ್ಕಳ ಮೇಲೆ ಕಣ್ಣಿಡಲು ಅನುಕೂಲವಾಗುತ್ತದೆ. ಸ್ಲೇಟು ಕಾಣದಿದ್ದರೂ ಮಗು ಕಲಿಯುತ್ತಿದೆಯೆಂಬ ವಿಶ್ವಾಸವೂ ಆ ತಾಯಂದಿರಿಂದಲೇ ಊರಿಗೆ ಹರಡುತ್ತದೆ.

6. ಸಭೆಯಲ್ಲಿ ಚರ್ಚೆಗೆ

1) ನಮ್ಮ ವ್ಯಾಪ್ತಿಯ ಯಾವ ಅಂಗನವಾಡಿಗಳಲ್ಲಿ ಮಕ್ಕಳ ಕೈಗೆಟುಕುವ ನೀರು ಇದೆ?
2) ಅಂಗಳ ಮತ್ತು ಬೇಲಿಯ ಸಾಲಿನಲ್ಲಿ ವಿಷಸಸ್ಯಗಳಿವೆಯೇ? ಸಂಪಿಗೆ ಮುಚ್ಚಳವಿದೆಯೇ?
3) ಆಟದ ಸಾಮಗ್ರಿ ಮಕ್ಕಳ ಕೈಯಲ್ಲಿದೆಯೇ, ಬೀರುವಿನಲ್ಲಿ ಬೀಗದೊಳಗಿದೆಯೇ?
4) ಕಳೆದ ವಾರ ಮಕ್ಕಳು ತಾವೇ ಮಾಡಿ ನೋಡಿದ್ದು ಏನು?

ನಾಲ್ಕನೆಯ ಪ್ರಶ್ನೆಯನ್ನು ಭೇಟಿಯ ವೇಳೆ ಮಕ್ಕಳನ್ನೇ ಕೇಳುವುದು ಉತ್ತಮ. ಸದಸ್ಯರು ಪ್ರತಿ ತಿಂಗಳು ತಮ್ಮ ವಾರ್ಡಿನ ಅಂಗನವಾಡಿಯಲ್ಲಿ ಒಂದು ಚಟುವಟಿಕೆಯನ್ನು ಪೂರ್ಣವಾಗಿ ಕುಳಿತು ವೀಕ್ಷಿಸಿ, ಕಂಡುಬಂದ ಕೊರತೆಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು ಅಪೇಕ್ಷಣೀಯ.